ಪಾಸಾಗಿದ್ದು ಸ್ಯಾಂಪಲ್, ಕೈಗೆ ಬಂದಿದ್ದು?

ಮುಂದಿನ ತಿಂಗಳು ಶೆನ್‌ಝೆನ್‌ಗೋ ಶಾಂಘೈಗೋ ಆಫೀಸ್ ಟ್ರಿಪ್ ಇದೆಯಾ? ಹಾಗಾದ್ರೆ ಬ್ಯಾಗಲ್ಲಿರೋ ಪವರ್ ಬ್ಯಾಂಕನ್ನು ಒಮ್ಮೆ ತಿರುಗಿಸಿ ನೋಡಿ. ಮೊಟ್ಟೆಯಾಕಾರದ ಗೆರೆಯೊಳಗೆ ಮೂರು ‘ಸಿ’ ಅಕ್ಷರ ಇರುವ ಗುರುತು ಕಾಣಿಸುತ್ತಾ? ಇಲ್ಲ ಅಂದ್ರೆ ಚೀನಾದೊಳಗೆ ಒಂದು ಊರಿಂದ ಇನ್ನೊಂದು ಊರಿಗೆ ವಿಮಾನ ಹತ್ತುವಾಗ ಅದನ್ನು ಸೆಕ್ಯುರಿಟಿಯಲ್ಲೇ ಬಿಟ್ಟು ಹೋಗಬೇಕಾಗುತ್ತೆ. 2025ರ ಜೂನ್ 28ರಿಂದ ಅಲ್ಲಿ ಜಾರಿಯಾದ ನಿಯಮ ಇದು. ಗುರುತು ಇಲ್ಲದ್ದು, ಗುರುತು ಸರಿಯಾಗಿ ಕಾಣದ್ದು, ಕಂಪನಿಯೇ ವಾಪಸ್ ಕರೆಸಿಕೊಂಡ ಮಾಡೆಲ್, ಯಾವುದನ್ನೂ ದೇಶದೊಳಗಿನ ವಿಮಾನದಲ್ಲಿ ಒಯ್ಯುವಂತಿಲ್ಲ.

‘ಒಳ್ಳೆ ಬ್ರ್ಯಾಂಡು ಸ್ವಾಮಿ, ಬಿಐಎಸ್ ನಂಬರೂ ಇದೆ’ ಅಂತ ವಾದ ಮಾಡಿ ಪ್ರಯೋಜನ ಇಲ್ಲ. ಬಿಐಎಸ್ ನಂಬರು ನಮ್ಮ ದೇಶದಲ್ಲಿ ಮಾರೋದಕ್ಕೆ ಸಿಕ್ಕ ಒಪ್ಪಿಗೆ. ಚೀನಾದ ಮಾರುಕಟ್ಟೆಗೆ ಚೀನಾದ ಒಪ್ಪಿಗೆಯೇ ಬೇಕು. ಆ ಒಪ್ಪಿಗೆಯ ಹೆಸರು ಚೀನಾ ಕಡ್ಡಾಯ ಪ್ರಮಾಣೀಕರಣ, ಚಿಕ್ಕದಾಗಿ ಸಿಸಿಸಿ. ಅಲ್ಲಿನವರು ‘ತ್ರೀ ಸಿ’ ಅಂತಾರೆ.

ನಾವು ಸಾಮಾನ್ಯವಾಗಿ ಇಂಥ ಗುರುತನ್ನು ಕ್ವಾಲಿಟಿಯ ಮೊಹರು ಅಂದುಕೊಳ್ತೀವಿ. ಹಾಗಲ್ಲ. ‘ಟೆಸ್ಟ್‌ಗೆ ಕೊಟ್ಟ ವಸ್ತು ಹೇಗಿತ್ತೋ, ಅಂಗಡಿಯಲ್ಲಿ ಮಾರೋ ವಸ್ತುವೂ ಹಾಗೇ ಇದೆ’ ಎಂದು ತಯಾರಕರು ಕೊಟ್ಟ ಮಾತು ಅದು. ಈ ಮಾತು ತಪ್ಪಿದರೆ ಏನಾಗುತ್ತೆ ಅನ್ನೋದಕ್ಕೆ ಆಮೇಲೆ ಬರ್ತೀನಿ. ಮೊದಲು ಈ ವ್ಯವಸ್ಥೆ ಬಂದಿದ್ದು ಹೇಗೆ, ನಡೆಯೋದು ಹೇಗೆ, ನೋಡೋಣ.

ಚೀನಾ 2001ರ ಡಿಸೆಂಬರ್‌ನಲ್ಲಿ ವಿಶ್ವ ವ್ಯಾಪಾರ ಸಂಸ್ಥೆ ಸೇರಿತು. ಅದಕ್ಕೂ ಮೊದಲು ಅಲ್ಲಿ ಎರಡು ವ್ಯವಸ್ಥೆ ಇದ್ದವು. ಆಮದಾದ ಸರಕಿಗೆ ಒಂದು ಸುರಕ್ಷತಾ ಪರವಾನಗಿ, ವಿದ್ಯುತ್ ಉಪಕರಣಗಳಿಗೆ ‘ಗ್ರೇಟ್ ವಾಲ್’ ಅನ್ನೋ ಇನ್ನೊಂದು ಗುರುತು. ಹೊರಗಿನಿಂದ ಬಂದ ಕೆಲವು ಸರಕಿಗೆ ಎರಡೂ ಬೇಕಾಗ್ತಿತ್ತು. ಹೊರಗಿನವರಿಗೂ ಒಳಗಿನವರಿಗೂ ಒಂದೇ ನಿಯಮ ಇರಬೇಕು ಅನ್ನೋ ಒತ್ತಡ ಬಂದಾಗ ಎರಡನ್ನೂ ಸೇರಿಸಿ ಸಿಸಿಸಿ ಮಾಡಿದರು. 2002ರ ಮೇ 1ರಂದು ಇದು ಶುರುವಾಯಿತು. 2003ರ ಆಗಸ್ಟ್ 1ರಿಂದ, ಪಟ್ಟಿಯಲ್ಲಿರುವ ವಸ್ತುಗಳನ್ನು ಈ ಗುರುತಿಲ್ಲದೆ ಆಮದು ಮಾಡೋದಾಗಲಿ ಮಾರೋದಾಗಲಿ ಸಾಧ್ಯವಿಲ್ಲ ಅಂತಾಯಿತು. ಪವರ್ ಬ್ಯಾಂಕ್ ಈ ಪಟ್ಟಿಗೆ ಸೇರಿದ್ದು ತೀರಾ ಇತ್ತೀಚೆಗೆ. 2024ರ ಆಗಸ್ಟ್ 1ರಿಂದ ಅದಕ್ಕೂ ಸಿಸಿಸಿ ಕಡ್ಡಾಯ.

ಈಗ ಪೀಣ್ಯದಲ್ಲಿ ಪವರ್ ಅಡಾಪ್ಟರ್ ಮಾಡುವ ಒಂದು ಸಣ್ಣ ಕಂಪನಿ ಇದೆ ಅಂದುಕೊಳ್ಳಿ. ಚೀನಾದಿಂದ ಆರ್ಡರ್ ಬಂತು, ಎಲ್ಲರಿಗೂ ಖುಷಿ. ಮೊದಲ ಹೆಜ್ಜೆ ಅರ್ಜಿ. ಸರ್ಕ್ಯೂಟ್ ಡ್ರಾಯಿಂಗು, ಚೀನೀ ಭಾಷೆಯ ಲೇಬಲ್ಲು, ಜೊತೆಗೆ ಮುಖ್ಯ ಬಿಡಿಭಾಗಗಳ ಪಟ್ಟಿ. ಟ್ರಾನ್ಸ್‌ಫಾರ್ಮರ್ ಯಾರದ್ದು, ಫ್ಯೂಸ್ ಯಾವುದು, ಕೆಪಾಸಿಟರ್ ಯಾವ ಕಂಪನಿಯ ಯಾವ ಮಾಡೆಲ್, ಎಲ್ಲ ಹೆಸರು ಸಮೇತ ಬರೆದುಕೊಡಬೇಕು. ಆಮೇಲೆ ಸ್ಯಾಂಪಲ್‌ಗಳು ಚೀನಾ ಸರ್ಕಾರ ಗೊತ್ತುಮಾಡಿದ ಲ್ಯಾಬಿಗೆ ಹೋಗ್ತವೆ. ಇಲ್ಲಿ ಮಾಡಿಸಿದ ಟೆಸ್ಟ್ ರಿಪೋರ್ಟ್ ಮಾತ್ರ ತೋರಿಸಿದರೆ ಸಾಲದು. ನಂತರ ಫ್ಯಾಕ್ಟರಿ ತಪಾಸಣೆ. ಅಡಾಪ್ಟರ್ ಪೀಣ್ಯದಲ್ಲಿ ತಯಾರಾದರೆ ಇನ್‌ಸ್ಪೆಕ್ಟರ್ ನೋಡಬೇಕಾದದ್ದು ಪೀಣ್ಯದ ಆ ಶೆಡ್ಡನ್ನೇ. ಸರ್ಟಿಫಿಕೇಟ್ ಸಿಕ್ಕಿತು ಅಂದಮೇಲೂ ತಪಾಸಣೆ ನಿಲ್ಲಲ್ಲ. ವಸ್ತುವಿನಲ್ಲಿ ವೈಫೈ, ಬ್ಲೂಟೂತ್ ಇದ್ದರೆ ರೇಡಿಯೊ ಅನುಮತಿ ಬೇರೆ ತಗೋಬೇಕು.

‘ಇದೆಲ್ಲ ಹೊರಗಿನವರನ್ನು ದೂರ ಇಡೋ ಉಪಾಯ’ ಅಂತ ಅನ್ನಿಸೋದು ಸಹಜ. ಸ್ವಲ್ಪ ನಿಜವೂ ಇರಬಹುದು. ಸಣ್ಣ ಕಂಪನಿಗೆ ಖರ್ಚು, ಕಾಯುವ ತಿಂಗಳುಗಳು, ಎರಡೂ ಭಾರವೇ. ಆದರೆ ಎಲ್ಲವೂ ಬರೀ ಕಾಗದದ ಆಟ ಅಲ್ಲ. ಒಂದು ಉದಾಹರಣೆ ಕೊಡ್ತೀನಿ. ಎತ್ತರ ಹೆಚ್ಚಾದಂತೆ ಗಾಳಿ ತೆಳುವಾಗುತ್ತೆ. ತೆಳು ಗಾಳಿಯಲ್ಲಿ ಎರಡು ತಂತಿಗಳ ನಡುವೆ ಕಿಡಿ ಹಾರೋದು ಸುಲಭ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಲಾಸಾ 3,600 ಮೀಟರ್‌ಗಿಂತ ಮೇಲಿದೆ. ಅಂತಾರಾಷ್ಟ್ರೀಯ ಮಾನದಂಡಗಳು ಸಾಮಾನ್ಯವಾಗಿ 2,000 ಮೀಟರ್‌ವರೆಗಿನ ಎತ್ತರವನ್ನು ಲೆಕ್ಕಕ್ಕೆ ಇಟ್ಟುಕೊಳ್ತವೆ. ಚೀನಾದ ಜಿಬಿ 4943.1 ಮಾನದಂಡ 5,000 ಮೀಟರ್ ಕೇಳುತ್ತೆ. ಅಷ್ಟು ಎತ್ತರಕ್ಕೆ ತಂತಿಗಳ ನಡುವಿನ ಅಂತರ 1.48 ಪಟ್ಟು ಬೇಕು. ಇಲ್ಲವಾದರೆ ‘2,000 ಮೀಟರ್‌ಗಿಂತ ಕೆಳಗಿನ ಊರುಗಳಿಗೆ ಮಾತ್ರ’ ಅಂತ ವಸ್ತುವಿನ ಮೇಲೆ ಎಚ್ಚರಿಕೆ ಹಾಕಬೇಕು. ಇಲ್ಲಿ ಪಾಸಾದದ್ದು ಅಲ್ಲಿ ಫೇಲಾಗೋದಕ್ಕೆ ಇಂಥ ಕಾರಣಗಳೂ ಇರ್ತವೆ. ಬೋರ್ಡ್ ಡಿಸೈನ್ ಮುಗಿದಮೇಲೆ ಇದು ಗೊತ್ತಾದರೆ ಡಿಸೈನನ್ನು ಮೊದಲಿಂದ ಮಾಡಬೇಕು. ಅದಕ್ಕೇ ಯಾವ ದೇಶದಲ್ಲಿ ಮಾರ್ತೀವಿ ಅನ್ನೋ ಪ್ರಶ್ನೆಯನ್ನು ಸೇಲ್ಸ್‌ನವರಿಗೆ ಬಿಡದೆ ಡಿಸೈನ್ ಮೀಟಿಂಗಿನಲ್ಲೇ ಕೇಳಬೇಕು.

ಈಗ ಅಸಲಿ ವಿಷಯ. ನಮ್ಮ ಅಡಾಪ್ಟರ್ ಕಂಪನಿಗೆ ಸರ್ಟಿಫಿಕೇಟ್ ಸಿಕ್ಕಿದೆ, ಮಾಲು ಹೋಗ್ತಾ ಇದೆ. ಎಂಟು ತಿಂಗಳಾದಮೇಲೆ ಕೆಪಾಸಿಟರ್ ಸಪ್ಲೈ ತಡವಾಯ್ತು. ಪರ್ಚೇಸ್‌ನಲ್ಲಿರೋ ಹುಡುಗ ಅದೇ ಅಳತೆಯ, ಎರಡು ರೂಪಾಯಿ ಕಡಿಮೆ ಬೆಲೆಯ ಬೇರೆ ಕಂಪನಿಯದ್ದು ತರಿಸಿದ. ಅಡಾಪ್ಟರ್ ಕೆಲಸ ಮಾಡ್ತಿದೆ, ಯಾರಿಗೂ ವ್ಯತ್ಯಾಸ ಗೊತ್ತಾಗಲ್ಲ. ಆದರೆ ಮೇಲಿರೋ ಗುರುತು ಆ ಕ್ಷಣವೇ ಸುಳ್ಳಾಯಿತು. ಯಾಕೆಂದರೆ ಲ್ಯಾಬ್ ಪರೀಕ್ಷೆ ಮಾಡಿದ್ದು ಈ ಅಡಾಪ್ಟರನ್ನಲ್ಲ. ಪಟ್ಟಿಯಲ್ಲಿರೋ ಮುಖ್ಯ ಭಾಗ ಬದಲಾದರೆ ಮೊದಲು ತಿಳಿಸಿ, ಒಪ್ಪಿಗೆ ಪಡೆದು, ಆಮೇಲೆ ತಯಾರು ಮಾಡಬೇಕು.

ಇದು ಕಲ್ಪನೆಯ ಕಥೆ. ಆದರೆ 2025ರಲ್ಲಿ ಚೀನಾದಲ್ಲಿ ನಡೆದದ್ದು ಇದರದೇ ದೊಡ್ಡ ರೂಪ. ಆ ಜೂನ್‌ನಲ್ಲಿ ರೋಮಾಸ್ ಕಂಪನಿ ಸುಮಾರು 4.9 ಲಕ್ಷ, ಆ್ಯಂಕರ್ ಕಂಪನಿ 7.1 ಲಕ್ಷ ಪವರ್ ಬ್ಯಾಂಕ್‌ಗಳನ್ನು ಅಲ್ಲಿನ ಗ್ರಾಹಕರಿಂದ ವಾಪಸ್ ಕರೆಸಿಕೊಂಡವು. ಸೆಲ್ ಪೂರೈಸುವವರು ಒಪ್ಪಿಗೆ ಇಲ್ಲದೆ ಕಚ್ಚಾವಸ್ತು ಬದಲಿಸಿದ್ದಾರೆ ಎಂದು ಆ್ಯಂಕರ್ ಕಾರಣ ಕೊಟ್ಟಿತು. ಅದೇ ಹೊತ್ತಿಗೆ ಹಲವು ಸೆಲ್, ಪವರ್ ಬ್ಯಾಂಕ್ ತಯಾರಕರ ಸಿಸಿಸಿ ಸರ್ಟಿಫಿಕೇಟ್‌ಗಳನ್ನು ಅಮಾನತಿನಲ್ಲಿ ಇಡಲಾಯಿತು. ವಿಮಾನದ ನಿಯಮ ಬಂದದ್ದು ಇದರ ಬೆನ್ನಿಗೇ.

ಬ್ಯಾಟರಿಯೊಳಗಿನ ಒಂದು ತೆಳು ಪದರ ಏನು ಮಾಡೀತು ಅಂತ ಕೇಳಬೇಡಿ. ಅದೇ ವರ್ಷ ಜನವರಿ 28ರಂದು ದಕ್ಷಿಣ ಕೊರಿಯಾದ ಗಿಮ್ಹೇ ವಿಮಾನ ನಿಲ್ದಾಣದಲ್ಲಿ ಹೊರಡಲು ನಿಂತಿದ್ದ ಏರ್ ಬುಸಾನ್ ವಿಮಾನ ಹೊತ್ತಿ ಉರಿಯಿತು. ಒಳಗಿದ್ದ 176 ಜನರೂ ಹೊರಬಂದರು. ಪವರ್ ಬ್ಯಾಂಕ್‌ನಿಂದ ಬೆಂಕಿ ಶುರುವಾಗಿರುವ ಸಾಧ್ಯತೆ ಇದೆ ಎಂದು ಅಲ್ಲಿನ ಸರ್ಕಾರ ಆಮೇಲೆ ಹೇಳಿತು. ಅದು ಇನ್ನೂ ನೆಲದ ಮೇಲಿತ್ತು. ಆಕಾಶದಲ್ಲಿದ್ದಿದ್ದರೆ?

ಸಿಸಿಸಿ ಇಲ್ಲದೆ ಪಟ್ಟಿಯಲ್ಲಿರೋ ವಸ್ತು ಮಾರಿ ಸಿಕ್ಕಿಬಿದ್ದರೆ ಚೀನಾದ ಕಾನೂನಿನಲ್ಲಿ 50 ಸಾವಿರದಿಂದ 2 ಲಕ್ಷ ಯುವಾನ್ ದಂಡ, ಜೊತೆಗೆ ಅದರಿಂದ ಬಂದ ಲಾಭವೂ ಜಪ್ತಿ. ದೊಡ್ಡ ಕಂಪನಿಗಳು ತಡೆದುಕೊಳ್ಳಬಹುದು. ಸಣ್ಣವರಿಗೆ ಒಂದು ಕಂಟೇನರ್ ಬಂದರಿನಲ್ಲಿ ನಿಂತರೂ ಆ ತಿಂಗಳ ಸಂಬಳಕ್ಕೆ ಕುತ್ತು.

ನಮ್ಮಲ್ಲೂ ಇದೇ ಬಗೆಯ ನಿಯಮ ಇದೆ. 2012ರ ಆದೇಶದ ಮೂಲಕ ಭಾರತ ಎಲೆಕ್ಟ್ರಾನಿಕ್ಸ್ ವಸ್ತುಗಳಿಗೆ ಕಡ್ಡಾಯ ನೋಂದಣಿ ತಂದಿತು. ಪವರ್ ಬ್ಯಾಂಕ್, ಅಡಾಪ್ಟರ್, ಮೊಬೈಲ್ ಎಲ್ಲ ಅದರೊಳಗೆ ಬರ್ತವೆ. ಅಲ್ಲಿಯ ತಯಾರಕರಿಗೆ ನಮ್ಮದು ವಿದೇಶಿ ಮಾರುಕಟ್ಟೆ. ಅವರು ಇಲ್ಲಿನ ಲ್ಯಾಬಿನಲ್ಲೇ ಪರೀಕ್ಷೆ ಮಾಡಿಸಬೇಕು, ಇಲ್ಲೊಬ್ಬ ಪ್ರತಿನಿಧಿಯನ್ನು ನೇಮಿಸಬೇಕು. ಅವರಿಗೂ ಇದು ಕಿರಿಕಿರಿಯೇ.

ಇಷ್ಟೆಲ್ಲ ಓದಿದಮೇಲೆ ಎರಡು ಕೆಲಸ ಮಾಡಿ. ಹೊಸ ಚಾರ್ಜರ್ ಕೊಂಡಾಗ ಅದರ ಮೇಲಿನ ‘ಆರ್’ ಅಕ್ಷರದಿಂದ ಶುರುವಾಗುವ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿ ನೋಡಿ. ಬರೋ ಹೆಸರೂ ಡಬ್ಬಿಯ ಮೇಲಿರೋ ಹೆಸರೂ ತಾಳೆಯಾಗಬೇಕು. ಇನ್ನು ನೀವೇ ಡಿಸೈನ್‌ನಲ್ಲೋ ಪರ್ಚೇಸ್‌ನಲ್ಲೋ ಕೆಲಸ ಮಾಡುವವರಾದರೆ, ‘ಅದೇ ಅಳತೆದು, ಸ್ವಲ್ಪ ಅಗ್ಗ’ ಅಂತ ಯಾರಾದರೂ ಬಂದಾಗ ‘ಸರ್ಟಿಫಿಕೇಟಿನ ಪಟ್ಟಿಯಲ್ಲಿ ಇದರ ಹೆಸರಿದೆಯಾ?’ ಅಂತ ಕೇಳಿ. ಕೇಳಿದ್ದಕ್ಕೆ ಬೈಸಿಕೊಂಡರೂ ಪರವಾಗಿಲ್ಲ. ಆ ಅಡಾಪ್ಟರ್ ಇನ್ಯಾರದೋ ಮನೆಯಲ್ಲಿ, ಮಲಗಿರೋ ಮಗುವಿನ ತಲೆದೆಸೆಯಲ್ಲಿ ರಾತ್ರಿಯೆಲ್ಲಾ ಪ್ಲಗ್‌ನಲ್ಲಿರುತ್ತೆ.