ಅದಿರು ನಮ್ಮದು, ಅರಿವು ಯಾರದು?

ಹೊಸಪೇಟೆಯ ಕಾಲೇಜೊಂದರಲ್ಲಿ ನಾನು ಭೌತಶಾಸ್ತ್ರ ಕಲಿಸುತ್ತಿದ್ದಾಗ ಸಂಡೂರಿನ ವಿದ್ಯಾರ್ಥಿಯೊಬ್ಬ ಕೆಂಪು ಅದಿರಿನ ತುಂಡೊಂದನ್ನು ತಂದು ಮೇಜಿನ ಮೇಲಿಟ್ಟ. ‘ಸರ್, ಇದರಲ್ಲಿ ಅರ್ಧಕ್ಕಿಂತ ಹೆಚ್ಚು ಕಬ್ಬಿಣ ಇದೆ ಅಂತಾರೆ. ಆದ್ರೂ ಅಯಸ್ಕಾಂತಕ್ಕೆ ಯಾಕೆ ಅಂಟೋದಿಲ್ಲ?’ ಎಂದು ಕೇಳಿದ. ಪಠ್ಯಪುಸ್ತಕದಲ್ಲಿ ಆ ಪ್ರಶ್ನೆ ಇರಲಿಲ್ಲ. ಉತ್ತರವನ್ನು ಹೇಳಿದೆ, ಮಾಡಿ ತೋರಿಸಲು ಮಾತ್ರ ನಮ್ಮ ಪ್ರಯೋಗಾಲಯದಲ್ಲಿ ಏನೂ ಇರಲಿಲ್ಲ.

ಹೆಮಟೈಟ್ ಅದಿರಿನಲ್ಲಿ ಕಬ್ಬಿಣದ ಪ್ರತಿ ಪರಮಾಣುವೂ ಒಂದು ಪುಟ್ಟ ಅಯಸ್ಕಾಂತವೇ. ಆದರೆ ಒಂದು ಪದರದ ಪರಮಾಣುಗಳು ಮುಖ ಮಾಡಿದ ದಿಕ್ಕಿಗೆ ವಿರುದ್ಧವಾಗಿ ಮುಂದಿನ ಪದರದವು ನಿಲ್ಲುತ್ತವೆ. ಹೀಗಾಗಿ ಒಂದರ ಬಲವನ್ನು ಇನ್ನೊಂದು ಬಹುಪಾಲು ಅಳಿಸಿಹಾಕುತ್ತದೆ.

ಇಂತಹ ವಿರುದ್ಧ ಮುಖದ ಜೋಡಣೆಯನ್ನು ಲೋಹದ ತೆಳುಪದರಗಳಲ್ಲಿ ಮನುಷ್ಯನೇ ಕಟ್ಟಿದಾಗ ಏನಾಗುತ್ತದೆ ಎಂಬುದು 1988ರಲ್ಲಿ ತಿಳಿಯಿತು. ಫ್ರಾನ್ಸಿನ ಆಲ್ಬರ್ಟ್ ಫೆರ್ ಮತ್ತು ಜರ್ಮನಿಯ ಪೀಟರ್ ಗ್ರೂನ್‌ಬರ್ಗ್ ಕಬ್ಬಿಣದ ಪದರಗಳ ನಡುವೆ ಕ್ರೋಮಿಯಂ ಪದರವನ್ನಿಟ್ಟು ಪ್ರತ್ಯೇಕವಾಗಿ ಪ್ರಯೋಗ ನಡೆಸಿದರು. ಫೆರ್ ತಂಡದ ಕ್ರೋಮಿಯಂ ಪದರದ ದಪ್ಪ ಒಂದು ನ್ಯಾನೋಮೀಟರಿನಷ್ಟು, ಅಂದರೆ ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗ. ಹೊರಗಿನಿಂದ ಕಾಂತಕ್ಷೇತ್ರವನ್ನು ಒಡ್ಡಿ ಪದರಗಳನ್ನೆಲ್ಲ ಒಂದೇ ದಿಕ್ಕಿಗೆ ತಿರುಗಿಸಿದಾಗ, ಅತಿಶೀತದಲ್ಲಿ ಅವುಗಳ ವಿದ್ಯುತ್ ರೋಧ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯಿತು.

ಹಂಪಿಯ ಸುತ್ತುಕೋಟೆಗಳನ್ನು ದಾಟುವ ಪ್ರಯಾಣಿಕರನ್ನು ಕಲ್ಪಿಸಿಕೊಳ್ಳಿ. ಎಲ್ಲ ಬಾಗಿಲುಗಳ ಕಾವಲುಗಾರರೂ ಒಂದೇ ಮುದ್ರೆಯನ್ನು ಒಪ್ಪಿದರೆ ಆ ಮುದ್ರೆಯುಳ್ಳವರು ಸಲೀಸಾಗಿ ಒಳಹೋಗುತ್ತಾರೆ. ಬಾಗಿಲಿಗೊಂದು ಮುದ್ರೆಯಾದರೆ ಪ್ರತಿಯೊಬ್ಬರೂ ಎಲ್ಲೋ ಒಂದು ಕಡೆ ತಡೆಯಲ್ಪಡುತ್ತಾರೆ. ಎಲೆಕ್ಟ್ರಾನಿನ ‘ಸ್ಪಿನ್’ ಎಂಬ ಗುಣವೇ ಇಲ್ಲಿನ ಮುದ್ರೆ.

1991ರಲ್ಲಿ ಐಬಿಎಂ ವಿಜ್ಞಾನಿಗಳು ಇದರ ಸರಳ ರೂಪವೊಂದನ್ನು ರಚಿಸಿದರು. ಅದರಲ್ಲಿ ಒಂದು ಕಾಂತಪದರವನ್ನು ಅಲುಗದಂತೆ ಹಿಡಿದು ನಿಲ್ಲಿಸಿದ್ದು ಕಬ್ಬಿಣ-ಮ್ಯಾಂಗನೀಸ್ ಮಿಶ್ರಲೋಹ. ಸಂಡೂರಿನ ಬೆಟ್ಟಗಳಲ್ಲಿ ಹೇರಳವಾಗಿರುವುದೂ ಇವೇ ಎರಡು ಲೋಹಗಳ ಅದಿರು. 1997ರಲ್ಲಿ ಈ ತಂತ್ರ ಕಂಪ್ಯೂಟರಿನ ಹಾರ್ಡ್ ಡಿಸ್ಕನ್ನು ಓದುವ ಸಾಧನವಾಯಿತು. 2007ರಲ್ಲಿ ಫೆರ್ ಮತ್ತು ಗ್ರೂನ್‌ಬರ್ಗ್‌ರಿಗೆ ನೊಬೆಲ್ ಬಂತು.

ಅದೇ ವರ್ಷಗಳಲ್ಲಿ ನಾವೇನು ಮಾಡುತ್ತಿದ್ದೆವು? ಚೀನಾಕ್ಕೆ ರಫ್ತಾಗಲು ಹಗಲಿರುಳು ಸಾಗುತ್ತಿದ್ದ ಅದಿರಿನ ಲಾರಿಗಳ ಕೆಂಧೂಳನ್ನು ಕುಡಿಯುತ್ತಿದ್ದೆವು. 2011ರಲ್ಲಿ ಸುಪ್ರೀಂ ಕೋರ್ಟ್ ಬಳ್ಳಾರಿಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮುಂದೆ ಷರತ್ತುಗಳೊಡನೆ ಅದು ಮರಳಿ ಆರಂಭವಾಯಿತು. ಅಕ್ರಮದ ಲೆಕ್ಕವನ್ನು ಲೋಕಾಯುಕ್ತ ವರದಿ ಬರೆದಿಟ್ಟಿದೆ. ಕಲಿಯದೆ ಕಳೆದುಕೊಂಡದ್ದರ ಲೆಕ್ಕವನ್ನು ಬರೆದವರಿಲ್ಲ.

ಸಂಡೂರಿನ ಅದಿರಿನಿಂದಲೇ ಇಲ್ಲಿ ಹಾರ್ಡ್ ಡಿಸ್ಕ್ ತಯಾರಿಸಬೇಕೆಂಬ ಭ್ರಮೆ ನನಗಿಲ್ಲ. ತೆಳುಪದರಗಳಿಗೆ ಬೇಕಾಗುವ ಲೋಹ ಅತ್ಯಲ್ಪ. ಬೆಲೆಯಿರುವುದು ಅದನ್ನು ಜೋಡಿಸುವ ಅರಿವಿಗೆ. ಟನ್ನಿನ ಲೆಕ್ಕದಲ್ಲಿ ಮಾರುವ ನಾಡು ಆ ಅರಿವನ್ನು ತನ್ನ ಮಕ್ಕಳಿಗೆ ದಕ್ಕಿಸದಿದ್ದರೆ ಬೆಟ್ಟ ಕರಗಿದ ಮೇಲೆ ಉಳಿಯುವುದು ಗುಂಡಿ ಮಾತ್ರ.

2015ರ ಕಾಯ್ದೆ ತಿದ್ದುಪಡಿಯಿಂದ ಜಿಲ್ಲಾ ಖನಿಜ ಪ್ರತಿಷ್ಠಾನಗಳು ರೂಪುಗೊಂಡಿವೆ. ಅವುಗಳ ನಿಧಿಯ ಆದ್ಯತಾ ವಲಯಗಳಲ್ಲಿ ಶಿಕ್ಷಣವೂ ಒಂದು. ಧೂಳು ತಿಂದ ಊರುಗಳಿಗೆ ಮೊದಲು ಕುಡಿಯುವ ನೀರು, ಆಸ್ಪತ್ರೆ ಬೇಡವೇ ಎಂದು ಕೇಳುವವರ ಮಾತು ನ್ಯಾಯವಾದದ್ದೇ. ಆದರೆ ಶಿಕ್ಷಣದ ಪಾಲು ಕಟ್ಟಡ, ಕಾಂಪೌಂಡುಗಳಲ್ಲೇ ಮುಗಿಯಬೇಕೆಂದು ಯಾವ ಕಾಯ್ದೆಯೂ ಹೇಳುವುದಿಲ್ಲ. ಸಂಡೂರು, ಕಂಪ್ಲಿ, ಹೊಸಪೇಟೆಯ ಕಾಲೇಜುಗಳಿಗೆ ಮೊದಲು ಬೇಕಾದದ್ದು ಒಂದು ಕಾಂತರೋಧ ಸಂವೇದಕ, ಒಂದು ಅಯಸ್ಕಾಂತ, ಒಂದು ಮಲ್ಟಿಮೀಟರ್ ಮತ್ತು ಕಲಿಸಬಲ್ಲ ಕಾಯಂ ಅಧ್ಯಾಪಕ. ಮುಂದಿನ ಹೆಜ್ಜೆಯಾಗಿ ಸಂಡೂರು ಬಳಿಯ ನಂದಿಹಳ್ಳಿಯ ಸ್ನಾತಕೋತ್ತರ ಕೇಂದ್ರದಲ್ಲಿ ಎಲ್ಲ ಕಾಲೇಜುಗಳಿಗೂ ತೆರೆದಿರುವ ತೆಳುಪದರ ಪ್ರಯೋಗಾಲಯವೊಂದನ್ನು ಸ್ಥಾಪಿಸಬಹುದು.

ಆ ಹುಡುಗ ಅಂದು ಬಿಟ್ಟುಹೋದ ಕಲ್ಲು ಇಂದಿಗೂ ನನ್ನ ಬಳಿ ಇದೆ. ಅವನು ಕೇಳಿದ ಪ್ರಶ್ನೆಗೆ ಊರಿನ ಪ್ರಯೋಗಾಲಯದಲ್ಲೇ ಉತ್ತರ ಸಿಗುವಂತೆ ಮಾಡುವುದು ಗಣಿಯ ಹಣ ತೀರಿಸಬೇಕಾದ ಋಣಗಳಲ್ಲಿ ಒಂದು.