ಚಳಿಗಲ್ಲ, ಹಸಿವಿಗೆ: ವಲಸೆ ಹಕ್ಕಿಯ ಪಾಠವನ್ನು ಹೆಪ್ಪುಗಟ್ಟಿದ ಸರೋವರದಿಂದ ಆರಂಭಿಸೋಣ

ಹಕ್ಕಿಗಳು ಏಕೆ ವಲಸೆ ಹೋಗುತ್ತವೆ ಎಂದು ಪ್ರೌಢಶಾಲೆಯ ಯಾವ ತರಗತಿಯಲ್ಲಿ ಕೇಳಿದರೂ ಕೈಗಳು ತಡವಿಲ್ಲದೆ ಮೇಲೇಳುತ್ತವೆ. ಉತ್ತರವೂ ಒಂದೇ: "ಅಲ್ಲಿ ಚಳಿ ಜಾಸ್ತಿ, ತಡೆಯೋಕಾಗಲ್ಲ, ಅದಕ್ಕೇ ಇಲ್ಲಿಗೆ ಬರ್ತವೆ." ಅಭ್ಯಾಸ ಬೋಧನೆಯ ದಿನಗಳಲ್ಲಿ ಹಿಂದಿನ ಬೆಂಚಿನಲ್ಲಿ ಕುಳಿತು ಸಹಪಾಠಿಗಳ ಪಾಠಗಳನ್ನು ಅವಲೋಕಿಸುವಾಗ ಈ ಉತ್ತರವನ್ನು ಹಲವು ಸಲ ಕೇಳಿದ್ದೇನೆ. ಪ್ರತಿ ಸಲವೂ ಅದಕ್ಕೆ "ವೆರಿ ಗುಡ್" ಎಂಬ ಪುನರ್ಬಲನ ಸಿಕ್ಕಿದೆ. ಕಪ್ಪುಹಲಗೆಯ ಮೇಲೂ ಅದೇ ವಾಕ್ಯ, ಕೊನೆಯ ಐದು ನಿಮಿಷದ ಮೌಲ್ಯಮಾಪನದಲ್ಲೂ ಅದೇ ವಾಕ್ಯ.

ಈ ಉತ್ತರ ಪೂರ್ತಿ ಸುಳ್ಳಲ್ಲ. ಆದರೆ ಅದು ಅರ್ಧಕ್ಕೇ ನಿಲ್ಲುತ್ತದೆ, ಮತ್ತು ಆ ಅರ್ಧದಲ್ಲಿ ಮುಖ್ಯವಾದದ್ದೇ ಬಿಟ್ಟುಹೋಗುತ್ತದೆ. ಹಕ್ಕಿ ಓಡುವುದು ಚಳಿಗೆ ಹೆದರಿ ಅಲ್ಲ. ಚಳಿ ಅದರ ಊಟದ ಬಾಗಿಲು ಮುಚ್ಚುತ್ತದೆ, ಅದಕ್ಕೆ. ಈ ವ್ಯತ್ಯಾಸ ಸಣ್ಣದೆಂದು ತೋರಬಹುದು. ಆದರೆ ವಿಜ್ಞಾನದ ಪಾಠವಾಗಿಯೂ, ನಮ್ಮೂರ ಕೆರೆಯ ಪಾಠವಾಗಿಯೂ ಎಲ್ಲವೂ ಇದರ ಮೇಲೆ ನಿಂತಿದೆ ಎಂಬುದು ನನ್ನ ಅಭಿಪ್ರಾಯ. ಇದನ್ನು ಮಕ್ಕಳಿಗೆ ಮನವರಿಕೆ ಮಾಡಿಕೊಡಲು ಒಳ್ಳೆಯ ಜಾಗ, ವಿಚಿತ್ರವೆನಿಸಿದರೂ, ಹಿಮ ಸುರಿಯುವ ಸರೋವರಗಳ ನಾಡು. ಏಕೆಂದರೆ ಅಲ್ಲಿ ಚಳಿಗಾಲದಲ್ಲಿ ಹಕ್ಕಿಗಳು ಇರುತ್ತವೆ. ಇರುತ್ತವೆ ಮಾತ್ರವಲ್ಲ, ಅಲ್ಲಿಗೆಂದೇ ಬರುತ್ತವೆ.

ಜಪಾನಿನ ಉತ್ತರ ತುದಿಯ ದೊಡ್ಡ ದ್ವೀಪ ಹೊಕ್ಕೈಡೋ. ಅದರ ಪೂರ್ವ ಭಾಗದಲ್ಲಿ ಚಳಿಗಾಲವೆಂದರೆ ತಿಂಗಳುಗಟ್ಟಲೆ ಹಿಮ. ಸರೋವರಗಳು ಹೆಪ್ಪುಗಟ್ಟುತ್ತವೆ, ಜನವರಿ ಕೊನೆಯ ಹೊತ್ತಿಗೆ ಓಖೋತ್ಸ್ಕ್ ಸಮುದ್ರದ ಮೇಲಿಂದ ತೇಲುವ ಮಂಜುಗಡ್ಡೆಗಳು ತೀರಕ್ಕೆ ಬಂದು ತಾಗುತ್ತವೆ. ಪಕ್ಷಿವೀಕ್ಷಕರು ದೇಶವಿದೇಶಗಳಿಂದ ಅಲ್ಲಿಗೆ ಹೋಗುವುದು ಸರಿಯಾಗಿ ಆ ತಿಂಗಳುಗಳಲ್ಲೇ. ನೋಡಲು ಹೋಗುವುದು ಮುಖ್ಯವಾಗಿ ಎರಡು ಬಗೆಯ ಹಕ್ಕಿಗಳನ್ನು: ನೀರುಹಕ್ಕಿಗಳು ಮತ್ತು ಬೇಟೆಹಕ್ಕಿಗಳು.

ನೀರುಹಕ್ಕಿಗಳನ್ನು ಮೊದಲು ನೋಡೋಣ. ಕುಶ್ಶಾರೋ ಎಂಬುದು ಜ್ವಾಲಾಮುಖಿಯ ಕುಳಿಯಲ್ಲಿ ನಿಂತ ಸರೋವರ. ಇಂಥ ಸರೋವರಗಳಲ್ಲಿ ಜಪಾನಿಗೇ ದೊಡ್ಡದು. ಚಳಿಗಾಲದಲ್ಲಿ ಅದರ ಮೈಯೆಲ್ಲ ಬಿಳಿ ಹಾಳೆಯಾಗುತ್ತದೆ. ಆದರೆ ಸುನಾಯು, ಕೋತಾನ್ ಎಂಬ ದಡಗಳಲ್ಲಿ ನೆಲದಡಿಯಿಂದ ಬಿಸಿನೀರು ಜಿನುಗುತ್ತದೆ. ಅಷ್ಟು ಅಂಚಿನಲ್ಲಿ ಮಾತ್ರ ನೀರು ನೀರಾಗಿಯೇ ಉಳಿಯುತ್ತದೆ. ಸೈಬೀರಿಯಾದ ಕಡೆಯಿಂದ ಬಂದ ವೂಪರ್ ಹಂಸಗಳು ಸೇರುವುದು ಆ ಅಂಚಿನಲ್ಲೇ. ಗಾಳಿಯ ಉಷ್ಣತೆ ದಡದಲ್ಲೂ ನಡುವಿನಲ್ಲೂ ಹೆಚ್ಚುಕಡಿಮೆ ಒಂದೇ. ಆದರೂ ಹಂಸ ನಡುವೆ ಇಲ್ಲ, ಅಂಚಿನಲ್ಲಿದೆ. ಚಳಿಯೇ ಕಾರಣವಾಗಿದ್ದರೆ ಅದು ಎರಡೂ ಕಡೆ ಇರಬಾರದಿತ್ತು. ಕತ್ತು ಇಳಿಬಿಟ್ಟು ಜಲಸಸ್ಯವನ್ನು ಕಿತ್ತು ತಿನ್ನಲು ಅದಕ್ಕೆ ತೆರೆದ ನೀರು ಬೇಕು. ಆ ನೀರು ಇರುವಲ್ಲಿ ಅದು ಇದೆ.

ಇನ್ನು ಬೇಟೆಹಕ್ಕಿಗಳು. ನೆಮುರೋ ಪಟ್ಟಣದ ಬಳಿಯ ಫೂರೆನ್ ಸರೋವರವೂ ಹೆಪ್ಪುಗಟ್ಟುತ್ತದೆ. ಮೀನುಗಾರರು ಮಂಜುಗಡ್ಡೆಗೆ ತೂತು ಕೊರೆದು, ಅದರಡಿಯಲ್ಲಿ ಬಲೆ ಹಾಯಿಸಿ ಮೀನು ಹಿಡಿಯುತ್ತಾರೆ. ಮಾರಾಟಕ್ಕೆ ಬಾರದ ಮೀನನ್ನು ಅಲ್ಲೇ ಎಸೆಯುತ್ತಾರೆ. ಅದನ್ನು ಹೆಕ್ಕಲು ಬಿಳಿಬಾಲದ ಹದ್ದುಗಳೂ ಸ್ಟೆಲ್ಲರ್ ಕಡಲ ಹದ್ದುಗಳೂ ಮಂಜಿನ ಮೇಲೆ ಸಾಲಾಗಿ ಕೂರುತ್ತವೆ. ಸ್ಟೆಲ್ಲರ್ ಹದ್ದು ಜಗತ್ತಿನ ಅತಿ ಭಾರದ ಹದ್ದುಗಳಲ್ಲೊಂದು. ಹೆಣ್ಣು 9 ಕಿಲೋವರೆಗೂ ತೂಗುತ್ತದೆ. ಇವು ಗೂಡು ಕಟ್ಟುವುದು ರಷ್ಯಾದ ಕಮ್ಚಾಟ್ಕಾ ಮತ್ತು ಓಖೋತ್ಸ್ಕ್ ತೀರಗಳಲ್ಲಿ. ಚಳಿಗಾಲದಲ್ಲಿ ಬಹಳಷ್ಟು ಹದ್ದುಗಳು ಹೊಕ್ಕೈಡೋಗೆ ಇಳಿಯುತ್ತವೆ. ಅಂದರೆ ಹಿಮದಿಂದ ಹೊರಟು ಹಿಮಕ್ಕೇ ಬರುತ್ತವೆ.

ಇದಕ್ಕಿಂತ ಗಟ್ಟಿಯಾದ ಸಾಕ್ಷಿ ಕಮ್ಚಾಟ್ಕಾದಲ್ಲೇ ಇದೆ. ಅದರ ದಕ್ಷಿಣ ತುದಿಯ ಕುರಿಲ್ ಸರೋವರದಲ್ಲಿ ಸಾಕೈ ಸಾಲ್ಮನ್ ಮೀನುಗಳು ಚಳಿಗಾಲದೊಳಗೂ ಮೊಟ್ಟೆಯಿಡಲು ಬರುತ್ತಲೇ ಇರುತ್ತವೆ. ಅಲ್ಲಿ ಅದೇ ಜಾತಿಯ ಹದ್ದುಗಳು ನೂರಾರು ಸಂಖ್ಯೆಯಲ್ಲಿ ಚಳಿಗಾಲವನ್ನು ಕಳೆಯುತ್ತವೆ. ಹಕ್ಕಿ ಅದೇ, ರೆಕ್ಕೆ ಅದೇ, ಚಳಿ ಇನ್ನೂ ಹೆಚ್ಚು. ಮೀನು ಇರುವಲ್ಲಿ ಉಳಿಯಿತು, ಮೀನು ಸಿಗದಲ್ಲಿಂದ ಹೊರಟಿತು. ಒಂದು ಚರಾಂಶವನ್ನು ಬದಲಿಸಿ ಉಳಿದವನ್ನು ಹಾಗೇ ಇಟ್ಟರೆ ಅದನ್ನು ನಾವು ಪ್ರಯೋಗ ಎನ್ನುತ್ತೇವೆ. ಇಲ್ಲಿ ಅಂಥದ್ದೊಂದು ಪ್ರಯೋಗವನ್ನು ನಿಸರ್ಗವೇ ಹೆಚ್ಚುಕಡಿಮೆ ಮಾಡಿ ತೋರಿಸಿದೆ.

ಹಾಗಾದರೆ ಹಕ್ಕಿಗೆ ಚಳಿಯೇ ಆಗುವುದಿಲ್ಲವೇ ಎಂದು ಮಕ್ಕಳು ಕೇಳುತ್ತಾರೆ, ಕೇಳಲೇಬೇಕು. ಹೊರಗಿನ ಗರಿಗಳ ಕೆಳಗೆ ಮೆದುಗರಿಯ ಪದರ, ಅದರಲ್ಲಿ ಸಿಕ್ಕಿಕೊಂಡ ಗಾಳಿ: ಇದು ಶಾಖದ ಅವಾಹಕ. ಬಾಲದ ಬುಡದ ಗ್ರಂಥಿಯ ಎಣ್ಣೆಯನ್ನು ಕೊಕ್ಕಿನಿಂದ ಸವರಿಕೊಂಡ ಗರಿಗೆ ನೀರು ಹತ್ತುವುದಿಲ್ಲ. ಬರಿಗಾಲಿನಲ್ಲಿ ಮಂಜಿನ ಮೇಲೆ ನಿಂತ ಬಾತಿನ ಕಾಲು ಏಕೆ ಹೆಪ್ಪುಗಟ್ಟುವುದಿಲ್ಲ? ಕಾಲಿಗೆ ಇಳಿಯುವ ಬಿಸಿ ರಕ್ತದ ನಾಳಗಳೂ, ಮೇಲೇರುವ ತಣ್ಣನೆಯ ರಕ್ತದ ನಾಳಗಳೂ ಮೈಗೆ ಮೈ ತಾಗಿಕೊಂಡಿವೆ. ಇಳಿಯುವ ರಕ್ತ ತನ್ನ ಶಾಖವನ್ನು ಏರುವ ರಕ್ತಕ್ಕೆ ದಾಟಿಸಿಬಿಡುತ್ತದೆ. ಪಾದ ಹೆಪ್ಪುಗಟ್ಟದಷ್ಟು ಮಾತ್ರ ಬೆಚ್ಚಗಿರುತ್ತದೆ, ಮೈಯ ಶಾಖ ಮೈಯಲ್ಲೇ ಉಳಿಯುತ್ತದೆ. ಆದರೆ ಈ ಒಲೆ ಉರಿಯಲು ಸೌದೆ ಬೇಕು, ಆ ಸೌದೆಯೇ ಆಹಾರ. ಹೊಟ್ಟೆ ತುಂಬಿದ ಹಕ್ಕಿಗೆ ಚಳಿ ಸಹ್ಯ. ಹಸಿದ ಹಕ್ಕಿಗೆ ಅದೇ ಚಳಿ ಸಾವು. ಚಳಿಯ ಪಾತ್ರ ಇರುವುದು ಇಲ್ಲಿ.

ಈ ಒಂದು ಸರೋವರದಲ್ಲಿ ಎಷ್ಟು ಘಟಕಗಳು ಕೂಡಿ ಬರುತ್ತವೆ ನೋಡಿ. ಸಿಹಿನೀರಿನ ಸಾಂದ್ರತೆ 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಹೆಚ್ಚು. ಆದ್ದರಿಂದ ಸರೋವರ ಮೇಲಿನಿಂದ ಹೆಪ್ಪುಗಟ್ಟುತ್ತದೆ, ಮಂಜುಗಡ್ಡೆ ತೇಲುತ್ತದೆ, ಅಡಿಯಲ್ಲಿ ಮೀನು ಬದುಕಿರುತ್ತದೆ. ಇದು ಭೌತಶಾಸ್ತ್ರ. ಶಾಖವಾಹಕತೆ, ರಕ್ತಪರಿಚಲನೆ, ಆಹಾರ ಸರಪಳಿ, ಭೂಶಾಖ, ಎಲ್ಲವೂ ಅದೇ ದಡದಲ್ಲಿವೆ. ನಾವು ಇವನ್ನು ಬೇರೆಬೇರೆ ತಿಂಗಳಲ್ಲಿ, ಬೇರೆಬೇರೆ ಪಾಠ ಯೋಜನೆಗಳಲ್ಲಿ ಹಂಚಿಟ್ಟಿದ್ದೇವೆ.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ ಎಂದು ಬಲ್ಲೆ. ಮೊದಲನೆಯದು: ತಿಳಿದುದರಿಂದ ತಿಳಿಯದುದರ ಕಡೆಗೆ ಹೋಗಬೇಕು ಎಂಬುದು ಬೋಧನಾ ಸೂತ್ರ, ಹಿಮ ಕಾಣದ ಬಯಲುಸೀಮೆಯ ಮಕ್ಕಳಿಗೆ ಹೊಕ್ಕೈಡೋ ಏಕೆ? ಸೂತ್ರವನ್ನು ನಾನು ಒಪ್ಪುತ್ತೇನೆ. ಆದರೆ ಇಲ್ಲಿ ಮಕ್ಕಳಿಗೆ ತಿಳಿದಿರುವುದು ಸರೋವರವಲ್ಲ, ಹಸಿವು. ಬರಗಾಲದಲ್ಲಿ ಊರು ಬಿಟ್ಟು ಗುಳೆ ಹೋದವರ ಸುದ್ದಿ ನಮ್ಮ ಎಷ್ಟೋ ಶಾಲೆಗಳ ಮಕ್ಕಳಿಗೆ ಮನೆಯ ಸುದ್ದಿ. ಬಿಸಿಲಿಗೆ ಹೆದರಿ ಯಾರೂ ಗುಳೆ ಹೋಗುವುದಿಲ್ಲ, ಕೂಲಿ ಇಲ್ಲದ್ದಕ್ಕೆ ಹೋಗುತ್ತಾರೆ ಎಂಬುದು ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಅಲ್ಲಿಂದ ಹೊರಟರೆ ಹೊಕ್ಕೈಡೋ ದೂರವೇನಲ್ಲ.

ಎರಡನೆಯದು: 40 ನಿಮಿಷದ ಅವಧಿಯಲ್ಲಿ ಇಷ್ಟೆಲ್ಲ ಎಲ್ಲಿ ಆಗುತ್ತದೆ? ಆಗುತ್ತದೆ, ಹೇಳುವುದನ್ನು ಕಡಿಮೆ ಮಾಡಿ ಊಹಿಸಲು ಬಿಟ್ಟರೆ. ಹಲಗೆಯ ಮೇಲೆ ಒಂದು ಸರೋವರ ಬರೆಯಿರಿ. ನಡುವೆ ಮಂಜುಗಡ್ಡೆ, ಒಂದು ಅಂಚಿನಲ್ಲಿ ಬಿಸಿನೀರ ಬುಗ್ಗೆ, ಇನ್ನೊಂದು ಕಡೆ ಬಲೆ ಹಾಕಿದ ಮೀನುಗಾರ. ಕಾಗದದ ಹಂಸ, ಬಾತು, ಹದ್ದುಗಳನ್ನು ಗುಂಪುಗಳ ಕೈಗೆ ಕೊಟ್ಟು "ಯಾವುದು ಎಲ್ಲಿರುತ್ತದೆ, ಏಕೆ?" ಎಂದು ಅಂಟಿಸಲು ಹೇಳಿ. ಬುಗ್ಗೆ ನಿಂತರೆ ಏನಾಗುತ್ತದೆ, ಮೀನುಗಾರ ಬಾರದಿದ್ದರೆ ಏನಾಗುತ್ತದೆ ಎಂದು ಮುಂದುವರಿಸಿ. ಪಕ್ಕದಲ್ಲಿ ಬಿಸಿನೀರು ತುಂಬಿದ ಎರಡು ಬಾಟಲಿ, ಒಂದಕ್ಕೆ ಹತ್ತಿ ಸುತ್ತಿ ಇನ್ನೊಂದನ್ನು ಬರಿದೇ ಬಿಟ್ಟು, ಹತ್ತು ನಿಮಿಷದ ನಂತರ ಥರ್ಮಾಮೀಟರಿನಿಂದ ಅಳೆಯಲು ಹೇಳಿ. ಈ ಉಪಕರಣಗಳಿಗೆ ದೊಡ್ಡ ಖರ್ಚಿಲ್ಲ. 5ಇ ಮಾದರಿಯಲ್ಲಿ ನಾವು ಬರೆಯುವ ಅನ್ವೇಷಣೆಯ ಕಾಲಂಗೆ ಇದಕ್ಕಿಂತ ಒಳ್ಳೆಯ ಚಟುವಟಿಕೆ ನನಗೆ ಕಂಡಿಲ್ಲ.

ಈಗ ನನ್ನ ಮುಖ್ಯ ಮಾತು. ಕಾರಣ ಚಳಿ ಎಂದರೆ ಹೊಣೆ ಹವೆಯದು. ಮನುಷ್ಯನಿಗೆ ಅಲ್ಲಿ ಕೆಲಸವಿಲ್ಲ. ಕಾರಣ ಆಹಾರ ಮತ್ತು ನೀರು ಎಂದರೆ ಹೊಣೆಯ ಒಂದು ಪಾಲು ನಮ್ಮದಾಗುತ್ತದೆ. ಹೊಕ್ಕೈಡೋದ ಹದ್ದುಗಳೇ ಇದನ್ನು ತೋರಿಸಿವೆ. 1990ರ ದಶಕದಲ್ಲಿ ಕಡಲಿನ ಮೀನುಗಾರಿಕೆ ಕುಗ್ಗಿ, ಕಾಡಿನಲ್ಲಿ ಸಿಕಾ ಜಿಂಕೆಗಳ ಬೇಟೆ ಹೆಚ್ಚಿದಾಗ, ಹದ್ದುಗಳು ಊಟ ಹುಡುಕಿ ಒಳನಾಡಿಗೆ ಹೋದವು. ಬೇಟೆಗಾರರು ಬಿಟ್ಟುಹೋದ ಜಿಂಕೆಯ ಮಾಂಸದಲ್ಲಿ ಸೀಸದ ಗುಂಡಿನ ಚೂರುಗಳಿದ್ದವು. ಅದನ್ನು ತಿಂದ ಹದ್ದುಗಳು ಸೀಸದ ವಿಷಕ್ಕೆ ಸತ್ತವು. 2000ದಲ್ಲಿ ಅಲ್ಲಿನ ಆಡಳಿತ ಜಿಂಕೆ ಬೇಟೆಯಲ್ಲಿ ಸೀಸದ ರೈಫಲ್ ಗುಂಡಿಗೆ ನಿರ್ಬಂಧ ಹಾಕಿತು, ಮುಂದೆ ಅದನ್ನು ವಿಸ್ತರಿಸಿತು. ಇಂದು ರಾವುಸು ಬಂದರಿನಿಂದ ಹೊರಡುವ ಪ್ರವಾಸಿ ದೋಣಿಗಳು ಫೋಟೋಗಾಗಿ ಹದ್ದುಗಳಿಗೆ ಮೀನು ಎಸೆಯುತ್ತವೆ. ಇದು ಸರಿಯೇ, ಹಕ್ಕಿ ಇದಕ್ಕೇ ಒಗ್ಗಿಕೊಂಡರೆ ಮುಂದೇನು ಎಂಬುದನ್ನು ನಮ್ಮ ಮಕ್ಕಳೂ ಚರ್ಚಿಸಬಹುದು.

ನಮ್ಮ ದೇಶದ ಪಾಠ ಇನ್ನೂ ಕಹಿ. ವಲಸೆ ಹಕ್ಕಿ ಎಂದೊಡನೆ ನಾವು ಕೊಡುವ ಉದಾಹರಣೆ ರಾಜಸ್ಥಾನದ ಭರತಪುರಕ್ಕೆ ಬರುವ ಸೈಬೀರಿಯಾದ ಕೊಕ್ಕರೆ. "ಬರುವ" ಎಂದು ಈಗಲೂ ವರ್ತಮಾನ ಕಾಲದಲ್ಲಿ ಹೇಳುವವರಿದ್ದಾರೆ. 2002ರ ನಂತರ ಅದು ಅಲ್ಲಿಗೆ ಬಂದಿಲ್ಲ. ಸೈಬೀರಿಯಾದಲ್ಲಿ ಚಳಿ ನಿಂತಿತೇ? ಇಲ್ಲ. ದಾರಿಯುದ್ದಕ್ಕೂ ಬೇಟೆ ಮತ್ತು ನಾಶವಾದ ಜೌಗು ನೆಲಗಳು ಆ ಹಿಂಡನ್ನು ಮುಗಿಸಿದವು. "ಚಳಿಗೆ ಹೆದರಿ ಬರುತ್ತವೆ" ಎಂದು ಕಲಿತ ಮಗುವಿಗೆ ಈ ಗೈರುಹಾಜರಿ ಅರ್ಥವೇ ಆಗುವುದಿಲ್ಲ.

ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಅವು ಮರಿಮಾಡುವುದು ಟಿಬೆಟ್, ಮಂಗೋಲಿಯಾಗಳ ಎತ್ತರದ ಸರೋವರಗಳಲ್ಲಿ; ಮಂಗೋಲಿಯಾದಲ್ಲಿ ಕೊರಳಪಟ್ಟಿ ತೊಡಿಸಿದ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡಿವೆ. ಅಲ್ಲಿ ಸರೋವರ ಹೆಪ್ಪುಗಟ್ಟುತ್ತದೆ, ಹುಲ್ಲು ಹಿಮದಡಿ ಹೂತುಹೋಗುತ್ತದೆ. ಇಲ್ಲಿ ತಂಗಲು ಕೆರೆಯ ನೀರಿದೆ, ಮೇಯಲು ಸುತ್ತಲಿನ ಹೊಲಗಳಿವೆ. ಇದೇ ಕಾಲದಲ್ಲಿ ನಮ್ಮ ಕೆರೆಗಳ ಜೊಂಡಿನ ಮೇಲೆ ತಗ್ಗಿ ಹಾರುವ ಜೌಗು ಸೆಳೆವ ಎಂಬ ಬೇಟೆಹಕ್ಕಿಯೂ ಉತ್ತರದಿಂದ ಬಂದದ್ದೇ. ಅದಕ್ಕೆ ಜೊಂಡು ಬೇಕು, ಜೊಂಡಿನಲ್ಲಿ ಅಡಗುವ ಸಣ್ಣ ಜೀವಿಗಳು ಬೇಕು. ಮಾಗಡಿ ಕೆರೆ 2024ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿತು. ಫೂರೆನ್ ಸರೋವರ 2005ರಿಂದಲೂ ಅದೇ ಪಟ್ಟಿಯಲ್ಲಿದೆ. ಒಂದು ಹೆಪ್ಪುಗಟ್ಟುವ ಸರೋವರ, ಒಂದು ಬಯಲುಸೀಮೆಯ ಕೆರೆ. ಹಕ್ಕಿಯ ಲೆಕ್ಕದಲ್ಲಿ ಎರಡೂ ಒಂದೇ: ಚಳಿಗಾಲ ದಾಟಿಸುವ ಊಟದ ಮನೆ.

ಎಲ್ಲ ಕೆರೆಗೂ ಪಟ್ಟಿಯ ರಕ್ಷಣೆ ಇಲ್ಲ. ನಾವು ಪಾಠ ಮಾಡಲು ಹೋಗುವ ಹಲವು ಶಾಲೆಗಳ ಹಿಂದೆಯೇ ಒಂದು ಕೆರೆಯಿದೆ. ಅದರ ಒಂದು ಮೂಲೆಗೆ ಕಟ್ಟಡದ ಮಣ್ಣು ಬೀಳುತ್ತಿದೆ, ಇನ್ನೊಂದು ಮೂಲೆಗೆ ಚರಂಡಿ ಸೇರುತ್ತಿದೆ. ಚಳಿಯ ಪಾಠ ಕಲಿತ ಮಗು ಆ ಕೆರೆಯನ್ನು ದಾಟಿ ಮನೆಗೆ ಹೋಗುತ್ತದೆ. ಹಸಿವಿನ ಪಾಠ ಕಲಿತ ಮಗು ಅಲ್ಲಿ ನಿಂತು, ಇಲ್ಲಿ ಯಾರಿಗೆ ಏನು ಊಟವಿದೆ ಎಂದು ಎಣಿಸಬಹುದು.

ಆದ್ದರಿಂದ ಮುಂದಿನ ಸೆಮಿಸ್ಟರಿನಲ್ಲಿ ಈ ಘಟಕ ತೆಗೆದುಕೊಳ್ಳುವ ಗೆಳೆಯರಲ್ಲಿ ನನ್ನದೊಂದು ವಿನಂತಿ. ಪಾಠ ಯೋಜನೆಯ ಕಲಿಕಾಂಶದಲ್ಲಿ "ಚಳಿಯಿಂದ ರಕ್ಷಣೆಗಾಗಿ" ಎಂದು ಬರೆಯುವ ಜಾಗದಲ್ಲಿ "ಆಹಾರ ಮತ್ತು ತೆರೆದ ನೀರಿಗಾಗಿ" ಎಂದು ಬರೆಯಿರಿ. ಮನೆಗೆಲಸವಾಗಿ ವ್ಯಾಖ್ಯೆ ಬರೆಸುವ ಬದಲು ಡಿಸೆಂಬರ್‌ನಿಂದ ಫೆಬ್ರವರಿವರೆಗೆ ವಾರಕ್ಕೊಮ್ಮೆ ಊರ ಕೆರೆಯ ಹಕ್ಕಿಗಳನ್ನು ಎಣಿಸಲು ಹೇಳಿ: ಎಷ್ಟು ತೇಲುತ್ತಿದ್ದವು, ಎಷ್ಟು ಮುಳುಗುತ್ತಿದ್ದವು, ಎಷ್ಟು ಮೇಲೆ ಸುತ್ತುತ್ತಿದ್ದವು, ಯಾವುದು ಏನು ತಿನ್ನುತ್ತಿತ್ತು. ಹತ್ತಿರ ಹೋಗಿ ಎಬ್ಬಿಸಬಾರದು, ಕಲ್ಲೆಸೆಯಬಾರದು. ಒಮ್ಮೆ ಎದ್ದು ಹಾರಿದರೆ ಹಕ್ಕಿ ತಿಂದದ್ದರಲ್ಲಿ ಒಂದು ಪಾಲು ಖರ್ಚಾಗುತ್ತದೆ ಎಂಬುದನ್ನೂ ಜೊತೆಗೇ ತಿಳಿಸಿ. ನಾವು ನಮ್ಮ 40 ನಿಮಿಷ ಮುಗಿಸಿ, ವೀಕ್ಷಣಾ ಹಾಳೆಗೆ ಸಹಿ ಹಾಕಿಸಿಕೊಂಡು ಹೊರಡುತ್ತೇವೆ. ಮಕ್ಕಳು ಆ ಊರಿನಲ್ಲೇ ಇರುತ್ತಾರೆ, ಆ ಕೆರೆಯ ಪಕ್ಕದಲ್ಲೇ.