ಗೃಹಕೃತ್ಯ ವಿಚಾರ: ಪ್ರವಾಸದ ಒಲೆ

ಅಡಿಗೆಯ ಬೆಂಕಿಯನ್ನು ಜೊತೆಯಲ್ಲಿ ಕೊಂಡೊಯ್ಯಬೇಕೆಂಬ ಆಸೆ ಮನುಷ್ಯನಿಗೆ ಹೊಸದಲ್ಲ. ಅಗ್ನಿಹೋತ್ರಿಗಳಾದ ನಮ್ಮ ಪೂರ್ವಿಕರು ಮನೆ ಬಿಟ್ಟು ಹೊರಡಬೇಕಾದಾಗ ಅಗ್ನಿಯನ್ನು ಅರಣಿಯಲ್ಲಿ ಸಮಾರೋಪ ಮಾಡಿಕೊಂಡು ಹೋಗಿ, ತಂಗಿದೆಡೆಯಲ್ಲಿ ಅದನ್ನು ಮಥಿಸಿ ಪುನಃ ಅಗ್ನಿಯನ್ನು ಪಡೆಯುತ್ತಿದ್ದರು. ಈಗ ಅರಣಿಯ ಸ್ಥಾನಕ್ಕೆ ಅನಿಲದ ಸಿಲಿಂಡರು ಬಂದಿರುವುದು. ಅರಣಿಯನ್ನು ಆರಿಸುವುದರಲ್ಲಿ ಹಿಂದಿನವರಿಗೆ ಎಷ್ಟು ಶ್ರದ್ಧೆಯಿದ್ದಿತೋ ಅಷ್ಟೇ ಶ್ರದ್ಧೆ ಈ ಹೊಸ ಸಾಧನವನ್ನು ಆರಿಸುವುದರಲ್ಲಿ ನಮಗೂ ಇರಬೇಕೆಂಬುದೇ ಈ ತಿಂಗಳ ವಿಚಾರ.

ನಮ್ಮ ವಾಚಕರಲ್ಲಿ ಅನೇಕರ ಮಕ್ಕಳು ಅಮೆರಿಕಾ ದೇಶದಲ್ಲಿ ನೆಲಸಿರುವರು. ಬೇಸಗೆಯಲ್ಲಿ ಅಲ್ಲಿಗೆ ಹೋದ ತಂದೆತಾಯಿಗಳನ್ನು ಮಕ್ಕಳು ಯೆಲ್ಲೋಸ್ಟೋನ್, ಯೊಸೆಮಿಟಿ ಮೊದಲಾದ ರಾಷ್ಟ್ರೀಯ ವನಗಳಿಗೆ ಕರೆದೊಯ್ಯುವುದುಂಟು. ಆರ್.ವಿ. ಎಂದು ಅಲ್ಲಿಯವರು ಕರೆಯುವ ವಸತಿವಾಹನವನ್ನು ಬಾಡಿಗೆಗೆ ಹಿಡಿದು, ಮಲಗುವ ಹಾಸಿಗೆ, ಸ್ನಾನದ ಮನೆ, ಅಡಿಗೆಯ ಮೂಲೆ ಇವೆಲ್ಲವನ್ನೂ ಚಕ್ರಗಳ ಮೇಲೆಯೇ ಸಾಗಿಸಿಕೊಂಡು ವಾರಗಟ್ಟಲೆ ಸಂಚರಿಸುವ ಪದ್ಧತಿ ಆ ದೇಶದಲ್ಲಿ ಬಹಳವಾಗಿದೆ. ಪರರ ಕೈಯ ಅಡಿಗೆಯನ್ನು ಒಪ್ಪದ ಹಿರಿಯರಿಗೆ ಈ ವಾಹನ ದೊಡ್ಡ ಅನುಕೂಲವೇ ಸರಿ. ಆದರೆ ಹೊರಡುವ ಮುನ್ನ ಪ್ರತಿಯೊಂದು ಮನೆಯಲ್ಲಿಯೂ ಒಂದು ಪ್ರಶ್ನೆ ಏಳುವುದು: ವಾಹನದ ಹೊರಗೆ ಅಡಿಗೆ ಮಾಡಲು ಯಾವ ಒಲೆಯನ್ನು ಕೊಳ್ಳತಕ್ಕದ್ದು?

ವಾಹನದೊಳಗೆ ಒಲೆಯಿರುವಾಗ ಹೊರಗೊಂದು ಏತಕ್ಕೆಂದು ಕೆಲವರು ಕೇಳಬಹುದು. ಒಳಗಿನ ಒಲೆಯಲ್ಲಿ ಅನ್ನ, ಸಾರು, ಕಾಫಿ ಇವು ಸುಖವಾಗಿ ಆಗುವುವು. ಒಗ್ಗರಣೆಯ ಘಾಟು, ದೋಸೆಯ ಎಣ್ಣೆಹೊಗೆ ಇವನ್ನು ಮಾತ್ರ ಆ ಸಣ್ಣ ಕೋಣೆ ತಾಳದು. ಹೊಗೆಯನ್ನು ಕಂಡೊಡನೆ ಕೂಗುವ ಯಂತ್ರ ಕೂಗತೊಡಗುವುದು. ಎಣ್ಣೆಯ ವಾಸನೆ ಹಾಸಿಗೆ ಹೊದಿಕೆಗಳಲ್ಲಿ ನಿಂತುಬಿಡುವುದು. ಆದಕಾರಣ ಹೊಗೆಯ ಅಡಿಗೆಗೆ ಹೊರಗಿನ ಒಲೆ ಅವಶ್ಯ. ಕಟ್ಟಿಗೆ ಅಥವಾ ಇದ್ದಲಿನ ಒಲೆಗಿಂತ ಪ್ರೊಪೇನ್ ಅನಿಲದ ಒಲೆಯೇ ಮೇಲೆಂಬುದಕ್ಕೆ ಬಲವಾದ ಕಾರಣವುಂಟು. ಅಮೆರಿಕಾದ ಪಶ್ಚಿಮ ಭಾಗದಲ್ಲಿ ಬೇಸಗೆಯೆಂದರೆ ಕಾಳ್ಗಿಚ್ಚಿನ ಕಾಲ. ಆಗ ಕಟ್ಟಿಗೆ, ಇದ್ದಲುಗಳ ಬೆಂಕಿಯನ್ನು ಅಧಿಕಾರಿಗಳು ನಿಷೇಧಿಸುವರು. ತಿರುಪಿದೊಡನೆ ಆರುವ ಅನಿಲದ ಒಲೆಗೆ ಮಾತ್ರ ಸಾಮಾನ್ಯವಾಗಿ ವಿನಾಯಿತಿಯಿರುವುದು. ಆದರೂ ತಂಗುದಾಣದ ಬಾಗಿಲಲ್ಲಿ ಅಂಟಿಸಿರುವ ಆಜ್ಞೆಯನ್ನು ಓದಿಯೇ ಒಲೆ ಹಚ್ಚುವುದು ಯುಕ್ತ.

ಇನ್ನು ಒಲೆಗಳ ಭೇದ. ಸರಳುಗಳ ಜಾಲರಿಯ ಮೇಲೆ ಪದಾರ್ಥವನ್ನಿಟ್ಟು ಕೆಳಗಿನ ಉರಿಯಿಂದ ಸುಡುವುದು ಗ್ರಿಲ್. ಅಖಂಡವಾದ ಕಬ್ಬಿಣದ ತಟ್ಟೆಯ ಮೇಲೆ ಬೇಯಿಸುವುದು ಗ್ರಿಡಲ್. ಇದು ನಮ್ಮ ದೋಸೆಯ ಕಾವಲಿಯ ಅಣ್ಣನೇ ಸರಿ. ಗ್ರಿಲ್ಲಿನ ಮೇಲೆ ಮುಸುಕಿನ ಜೋಳದ ತೆನೆ, ಬದನೆಕಾಯಿ, ದೊಣ್ಣೆಮೆಣಸಿನಕಾಯಿ ಇವು ರುಚಿಯಾಗಿ ಸುಡುವುವು. ಮಾಂಸಾಹಾರಿಗಳಿಗೆ ಅದು ಇನ್ನೂ ಪ್ರಿಯ. ಆದರೆ ಹಿಟ್ಟನ್ನು ಹುಯ್ದರೆ ಅದು ಸರಳುಗಳ ಸಂದಿಯಿಂದ ಬೆಂಕಿಗೇ ಆಹುತಿಯಾಗುವುದು. ಗ್ರಿಡಲಿನ ಮೇಲಾದರೋ ದೋಸೆ, ಅಕ್ಕಿರೊಟ್ಟಿ, ಚಪಾತಿ, ಹುರಿದ ತರಕಾರಿ ಎಲ್ಲವೂ ಆಗುವುವು. ಸುಟ್ಟ ಬದನೆಕಾಯಿಯ ಹೊಗೆಯ ರುಚಿಯೊಂದು ಬಾರದು. ಆದ್ದರಿಂದ ಕೊಳ್ಳುವ ಮೊದಲು ಅಂಗಡಿಯ ಪಟ್ಟಿಯನ್ನು ಮುಚ್ಚಿಟ್ಟು, ಪ್ರವಾಸದ ಪ್ರತಿದಿನವೂ ತಾವು ಏನನ್ನು ಉಣ್ಣುವಿರೆಂಬ ಪಟ್ಟಿಯನ್ನು ಬರೆದುಕೊಳ್ಳಿರಿ. ಹತ್ತು ಊಟಗಳಲ್ಲಿ ಏಳು ಕಾವಲಿಯವಾದರೆ ಗ್ರಿಡಲನ್ನೇ ಕೊಳ್ಳತಕ್ಕದ್ದು. ನಮ್ಮವರ ಮನೆಗಳಲ್ಲಿ ಬಹುಮಟ್ಟಿಗೆ ಲೆಕ್ಕ ಹೀಗೆಯೇ ಬರುವುದು.

ಇದರಲ್ಲಿ ಆಚಾರದ ಸಂಗತಿಯೂ ಒಂದುಂಟು. ಅಲ್ಲಿಯ ಅನೇಕ ತಂಗುದಾಣಗಳಲ್ಲಿ ಸಾರ್ವಜನಿಕರ ಉಪಯೋಗಕ್ಕಾಗಿ ಕಬ್ಬಿಣದ ಜಾಲರಿಗಳನ್ನು ನೆಲದಲ್ಲಿ ನೆಟ್ಟಿರುವರು. ಅವುಗಳ ಮೇಲೆ ಹಿಂದಿನ ದಿನ ಯಾರು ಏನನ್ನು ಬೇಯಿಸಿದರೆಂಬುದು ಗೊತ್ತಾಗುವ ಬಗೆಯಿಲ್ಲ. ಶುದ್ಧ ಶಾಕಾಹಾರವನ್ನು ಜೀವಮಾನವೆಲ್ಲ ಪಾಲಿಸಿಕೊಂಡು ಬಂದ ಹಿರಿಯರು ಅದನ್ನು ಕಂಡು ಬರಿಯ ಹಣ್ಣುಹಂಪಲುಗಳಿಂದಲೇ ದಿನ ಕಳೆಯಬೇಕಾಗಿಲ್ಲ. ಮನೆಯದೇ ಆದ ಕಾವಲಿಯಿದ್ದಲ್ಲಿ ಅವರ ಮನಸ್ಸಿಗೆ ಸಮಾಧಾನ, ಸೊಸೆಯಂದಿರಿಗೂ ನಿಶ್ಚಿಂತೆ. ಬಾಡಿಗೆಯ ವಾಹನದೊಡನೆ ಒಲೆಯನ್ನೂ ಕೊಡುವರೆಂದರೆ ಈ ಕಾರಣದಿಂದಲೂ ವಿಚಾರಿಸಿ ತೆಗೆದುಕೊಳ್ಳುವುದು ಒಳ್ಳೆಯದು.

ಗಾತ್ರದ ವಿಷಯ. ಮೇಜಿನ ಮೇಲಿಡುವ ಗ್ರಿಡಲುಗಳಲ್ಲಿ ೧೭ ಅಂಗುಲ ಮತ್ತು ೨೨ ಅಂಗುಲ ಅಗಲದವು ಹೆಚ್ಚಾಗಿ ದೊರೆಯುವುವು. ಗಂಡ ಹೆಂಡಿರು ಮತ್ತು ಒಬ್ಬಿಬ್ಬರು ಮಕ್ಕಳಿರುವ ಸಂಸಾರಕ್ಕೆ ಮೊದಲನೆಯದು ಸಾಕು. ಅಜ್ಜ ಅಜ್ಜಿಯರೂ ಕೂಡಿದರೆ ಎರಡನೆಯದು ಯೋಗ್ಯ. ಏಕೆಂದರೆ ಅದಕ್ಕೆ ಸಾಮಾನ್ಯವಾಗಿ ಎರಡು ಬರ್ನರುಗಳಿದ್ದು, ಒಂದು ಪಕ್ಕವನ್ನು ಜೋರಾದ ಉರಿಯಲ್ಲಿಯೂ ಮತ್ತೊಂದನ್ನು ಸಣ್ಣ ಉರಿಯಲ್ಲಿಯೂ ಇಡಬಹುದು. ಒಂದು ಕಡೆ ದೋಸೆ ಕೆಂಪಾಗುತ್ತಿರಲು ಮತ್ತೊಂದು ಕಡೆ ಪಲ್ಯ ಬಿಸಿಯಾಗಿ ಕಾದಿರುವುದು. ಇದಕ್ಕಿಂತ ದೊಡ್ಡದು ಬೇಡ. ಕಬ್ಬಿಣದ ತೂಕವನ್ನು ದಿನಕ್ಕೆರಡು ಬಾರಿ ವಾಹನದ ಹೊಟ್ಟೆಯಿಂದ ಎತ್ತಿ ಇಳಿಸುವವರು ಯಾರೆಂಬುದನ್ನು ಕೊಳ್ಳುವಾಗಲೇ ಯೋಚಿಸಬೇಕು. ಅಲ್ಲದೆ ಒಲೆಯ ಕಾಲುಗಳಲ್ಲಿ ಎತ್ತರವನ್ನು ಸರಿಪಡಿಸುವ ತಿರುಪುಗಳಿವೆಯೇ ಎಂದು ನೋಡತಕ್ಕದ್ದು. ತಂಗುದಾಣದ ನೆಲ ಓರೆಯಾಗಿದ್ದರೆ ಎಣ್ಣೆಯೂ ಹಿಟ್ಟೂ ಒಂದೇ ಮೂಲೆಗೆ ಹರಿಯುವುವು. ಗಾಳಿಯನ್ನು ತಡೆಯುವ ಅಂಚುಗಳಿರುವುದೂ ಅಷ್ಟೇ ಮುಖ್ಯ.

ಬಿ.ಟಿ.ಯು. ಎಂಬ ಅಂಕಿಯನ್ನು ತೋರಿಸಿ ಮಾರುವವರು ಗಿರಾಕಿಯನ್ನು ಬೆರಗುಗೊಳಿಸುವರು. ಒಂದು ಪೌಂಡು ನೀರಿನ ಉಷ್ಣತೆಯನ್ನು ಒಂದು ಫ್ಯಾರನ್‌ಹೀಟ್ ಡಿಗ್ರಿ ಏರಿಸಲು ಬೇಕಾದ ಶಾಖವೇ ಒಂದು ಬಿ.ಟಿ.ಯು. ಒಲೆಯ ಮೇಲೆ ಬರೆದಿರುವ ಸಂಖ್ಯೆ ಅದು ಗಂಟೆಗೆ ಎಷ್ಟು ಅನಿಲವನ್ನು ನುಂಗಬಲ್ಲದೆಂಬುದನ್ನು ಹೇಳುವುದೇ ಹೊರತು ಎಷ್ಟು ಚೆನ್ನಾಗಿ ಬೇಯಿಸುವುದೆಂಬುದನ್ನು ಹೇಳುವುದಿಲ್ಲ. ಒಂದು ಪೌಂಡು ಪ್ರೊಪೇನಿನಲ್ಲಿ ಸುಮಾರು ೨೧,೫೦೦ ಬಿ.ಟಿ.ಯು. ಶಾಖವಿರುವುದು. ೧೨,೦೦೦ದ ಒಲೆಯನ್ನು ಪೂರ್ಣವಾಗಿ ತೆರೆದರೆ ಒಂದು ಪೌಂಡಿನ ಚಿಕ್ಕ ಸಿಲಿಂಡರು ಒಂದೂಮುಕ್ಕಾಲು ಗಂಟೆಯಲ್ಲಿ ಬರಿದಾಗುವುದು. ೨೪,೦೦೦ದ ಒಲೆಯಾದರೆ ಒಂದು ಗಂಟೆಯೂ ಬಾರದು. ಅದೇ ೨೦ ಪೌಂಡಿನ ದೊಡ್ಡ ಸಿಲಿಂಡರಾದರೆ ಈ ಎರಡನೆಯ ಒಲೆಯೂ ಸುಮಾರು ಹದಿನೆಂಟು ಗಂಟೆ ಉರಿಯುವುದು. ವಾರಕ್ಕೆ ಮೀರಿದ ಪ್ರವಾಸಕ್ಕೆ ದೊಡ್ಡ ಸಿಲಿಂಡರಿಗೆ ಜೋಡಿಸುವ ಕೊಳವೆಯನ್ನೂ ಕೊಳ್ಳುವುದು ಮಿತವ್ಯಯ. ಚಿಕ್ಕವು ಒಮ್ಮೆ ಬಳಸಿ ಬಿಸುಡುವಂಥವು. ಅವನ್ನು ಕಸದ ತೊಟ್ಟಿಗೆ ಹಾಕದೆ ಅದಕ್ಕೆಂದೇ ಇರುವ ಸ್ಥಳದಲ್ಲಿ ಒಪ್ಪಿಸಬೇಕು. ೨೦೨೨ರಲ್ಲಿ ಆದ ಕಾನೂನಿನ ಪ್ರಕಾರ ಕ್ಯಾಲಿಫೋರ್ನಿಯಾದಲ್ಲಿ ಇಂಥವುಗಳ ಮಾರಾಟಕ್ಕೆ ೨೦೨೮ರ ಜನವರಿ ೧ರಿಂದ ನಿಷೇಧವಿದೆ. ಆದರೆ ದೊಡ್ಡದನ್ನು ಎಲ್ಲ ಹಾದಿಯಲ್ಲಿಯೂ ಒಯ್ಯಲಾಗದು: ಬಾಲ್ಟಿಮೋರ್ ಬಂದರಿನ ಸುರಂಗಗಳಂಥ ಕೆಲವೆಡೆಗಳಲ್ಲಿ ೧೦ ಪೌಂಡು ಮೀರಿದ ಸಿಲಿಂಡರುಗಳಿಗೆ ಪ್ರವೇಶವಿಲ್ಲ.

ಈಗ ಹೇಳುವ ಸಂಗತಿಯನ್ನು ಅಂಗಡಿಯವರು ಅನೇಕ ವೇಳೆ ಹೇಳುವುದಿಲ್ಲ. ವಸತಿವಾಹನಗಳಲ್ಲಿ ಅನೇಕಕ್ಕೆ ಹೊರಮೈಯಲ್ಲಿ ಅನಿಲದ ಒಂದು ಬಾಯಿ ಇರುವುದು; ಕೊಳವೆಯನ್ನು ಒತ್ತಿದರೆ ಕೂಡಿಕೊಳ್ಳುವುದು. ಈ ಬಾಯಿಗೆ ಬರುವ ಅನಿಲದ ಒತ್ತಡವನ್ನು ವಾಹನದ ರೆಗ್ಯುಲೇಟರು ಮೊದಲೇ ತಗ್ಗಿಸಿರುವುದು. ಅದು ಕೇವಲ ೧೧ ಅಂಗುಲ ನೀರಿನ ಕಂಬದಷ್ಟು. ಮೇಜಿನ ಒಲೆಗಳಾದರೋ ಸಿಲಿಂಡರಿನ ಹೆಚ್ಚಿನ ಒತ್ತಡವನ್ನು ಎಣಿಸಿ ಮಾಡಿದವಾದ್ದರಿಂದ ತಮ್ಮದೇ ರೆಗ್ಯುಲೇಟರನ್ನು ಹೊತ್ತಿರುವುವು. ಎರಡನ್ನೂ ಸೇರಿಸಿದರೆ ಒಮ್ಮೆ ತಗ್ಗಿದ ಒತ್ತಡ ಮತ್ತೊಮ್ಮೆ ತಗ್ಗಿ, ಉರಿ ನೀಲಾಂಜನದ ಕುಡಿಯಂತೆ ಸೊರಗುವುದು. ದೋಸೆ ಬೇಯದೆ ಒಣಗುವುದು. ಇದಕ್ಕೆ ವಿರುದ್ಧವಾಗಿ, ರೆಗ್ಯುಲೇಟರಿಲ್ಲದ ಒಲೆಯನ್ನು ಸಿಲಿಂಡರಿಗೆ ನೇರವಾಗಿ ಜೋಡಿಸಿದರೆ ಜ್ವಾಲೆ ಆಳೆತ್ತರಕ್ಕೆ ಹಾಯುವುದು. ಮೊದಲನೆಯದರಿಂದ ಉಪವಾಸ, ಎರಡನೆಯದರಿಂದ ಅಪಾಯ. ಆದ್ದರಿಂದ ವಾಹನದ ಬಾಯಿಗೆ ಜೋಡಿಸಬೇಕೆಂಬವರು ಕಡಿಮೆ ಒತ್ತಡಕ್ಕೆ ಯೋಗ್ಯವೆಂದು ತಯಾರಕರೇ ಬರೆದುಕೊಟ್ಟಿರುವ ಒಲೆಯನ್ನು ಮಾತ್ರ ಕೊಳ್ಳಬೇಕು. ಬಿಚ್ಚಿ ಜೋಡಿಸುವ ಸ್ವಂತ ಪಾಂಡಿತ್ಯ ಇಲ್ಲಿ ಕೂಡದು.

ಊರಿನಿಂದಲೇ ಒಲೆಯನ್ನು ಕೊಂಡೊಯ್ಯುವೆವೆಂಬವರಿಗೂ ಒಂದು ಮಾತು. ಅನಿಲದ ಸಿಲಿಂಡರನ್ನು ವಿಮಾನದಲ್ಲಿ ಸರ್ವಥಾ ಒಯ್ಯಲಾಗದು. ನಮ್ಮ ಮನೆಗಳಿಗೆ ಬರುವ ಅನಿಲ ಪ್ರೊಪೇನ್ ಮತ್ತು ಬ್ಯೂಟೇನ್‌ಗಳ ಮಿಶ್ರಣ. ಅಲ್ಲಿಯದು ಬಹುಮಟ್ಟಿಗೆ ಪ್ರೊಪೇನೇ. ನಮ್ಮ ಒಲೆಯ ತಿರುಪುಗಳೂ ಕೊಳವೆಗಳೂ ಅಲ್ಲಿಯವಕ್ಕೆ ಹೊಂದುವುದಿಲ್ಲ. ಬ್ಯೂಟೇನ್ ಸುಮಾರು ಸೊನ್ನೆ ಡಿಗ್ರಿ ಸೆಂಟಿಗ್ರೇಡಿನಲ್ಲಿಯೇ ಆವಿಯಾಗಲು ಒಲ್ಲದು. ಪ್ರೊಪೇನಾದರೋ ಸೊನ್ನೆಗಿಂತ ೪೨ ಡಿಗ್ರಿ ಕೆಳಗಿನವರೆಗೂ ಆವಿಯಾಗುವುದು. ಬೆಟ್ಟದ ಮುಂಜಾವಿನ ಚಳಿಯಲ್ಲಿ ಕಾಫಿ ಬೇಕೆಂಬವರಿಗೆ ಈ ಅಂತರ ಸಣ್ಣದಲ್ಲ. ಯೆಲ್ಲೋಸ್ಟೋನಿನ ಎತ್ತರದಲ್ಲಿ ನೀರು ಸುಮಾರು ೯೩ ಡಿಗ್ರಿಯಲ್ಲೇ ಕುದಿಯುವುದರಿಂದ ಬೇಳೆ ಬೇಯುವುದಕ್ಕೆ ತಡವಾಗುವುದು, ಕುಕ್ಕರನ್ನು ಮರೆಯಬಾರದು. ಕಾವಲಿಗೆ ಮಾತ್ರ ಈ ಬಾಧೆಯಿಲ್ಲ.

ಕೊಂಡ ಮೇಲೆ ಪಳಗಿಸುವ ಕೆಲಸ. ಹೊಸ ಕಬ್ಬಿಣದ ತಟ್ಟೆಯನ್ನು ತೊಳೆದೊರಸಿ, ತೆಳುವಾಗಿ ಎಣ್ಣೆ ಸವರಿ, ಹೊಗೆ ಏಳುವವರೆಗೆ ಕಾಯಿಸಿ, ಮರಳಿ ಸವರಿ, ಹೀಗೆ ಮೂರುನಾಲ್ಕು ಬಾರಿ ಮಾಡಿದರೆ ಮೈ ಕಪ್ಪಾಗಿ ನುಣುಪಾಗುವುದು. ಇದಕ್ಕಾಗಿ ಪುಸ್ತಕವನ್ನು ನೋಡಬೇಕಾದುದಿಲ್ಲ. ಈರುಳ್ಳಿಯ ಹೋಳನ್ನು ಎಣ್ಣೆಯಲ್ಲದ್ದಿ ಕಾವಲಿಗೆ ಉಜ್ಜುವ ನಮ್ಮ ಅಜ್ಜಿಯಂದಿರಿಗೆ ಈ ವಿದ್ಯೆ ಸ್ವತಃಸಿದ್ಧವಾಗಿದ್ದಿತು. ಅಂಟದ ಲೇಪವಿರುವ ತಟ್ಟೆಯಾದರೆ ಬರಿದಾಗಿ ಹೆಚ್ಚು ಕಾಯಿಸಕೂಡದು; ಲೇಪ ಕೆಟ್ಟು ವಿಷದ ಹೊಗೆ ಬರುವುದು. ಊಟವಾದೊಡನೆ ಬಿಸಿಯಾಗಿರುವಾಗಲೇ ಕೆರೆದೊರಸಿ, ಜಿಡ್ಡಿನ ಬಟ್ಟಲನ್ನು ಬರಿದುಮಾಡಿ, ಒಲೆ ತಣ್ಣಗಾದ ಮೇಲೆ ಒಳಗಿಡತಕ್ಕದ್ದು. ಇದು ಶುಚಿತ್ವಕ್ಕಾಗಿ ಮಾತ್ರವಲ್ಲ. ಜಿಡ್ಡಿನ ವಾಸನೆಗೆ ಕರಡಿಗಳು ಬರುವುವು. ಯೆಲ್ಲೋಸ್ಟೋನಿನಲ್ಲಿ ಉಪಯೋಗಿಸದ ಒಲೆಯನ್ನು ಹೊರಗೆ ಬಿಡುವುದೇ ನಿಯಮಬಾಹಿರ.

ಕಡೆಯದಾದರೂ ಎಲ್ಲಕ್ಕಿಂತ ಮುಖ್ಯವಾದ ಮಾತು ಪ್ರಾಣದ್ದು. ಅಮರಕೋಶದಲ್ಲಿ ಅಗ್ನಿಗೆ ಆಶ್ರಯಾಶನೆಂಬ ಹೆಸರುಂಟು; ತನಗೆ ಆಶ್ರಯವಿತ್ತುದನ್ನೇ ತಿನ್ನುವವನು ಎಂದರ್ಥ. ಮಳೆ ಬಂದಿತೆಂದು, ಚಳಿಯೆಂದು, ಈ ಹೊರಗಿನ ಒಲೆಯನ್ನು ವಾಹನದೊಳಗಾಗಲಿ ಡೇರೆಯೊಳಗಾಗಲಿ ತಂದು ಹಚ್ಚುವವರುಂಟು. ಗಾಳಿ ಸಾಲದೆ ಉರಿಯುವ ಬೆಂಕಿಯಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲ ಹುಟ್ಟುವುದು. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದಲ್ಲಿ ಪ್ರಾಣವಾಯುವನ್ನು ಹೊರುವ ಪದಾರ್ಥಕ್ಕೆ ಅದು ಪ್ರಾಣವಾಯುವಿಗಿಂತ ಇನ್ನೂರು ಪಾಲಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುವುದು. ಮೊದಲು ತಲೆನೋವು, ಓಕರಿಕೆ, ಮಂಪರು. ಮಲಗಿದವರಿಗೆ ಎಚ್ಚರವೇ ಆಗದಿರಬಹುದು. ಪ್ರಯಾಣದ ಆಯಾಸವೆಂದು ಮನೆಯವರು ಎಣಿಸುವಷ್ಟರಲ್ಲಿ ಕಾಲ ಮಿಂಚುವುದು. ಆದುದರಿಂದ ಹೊರಗಿನ ಒಲೆ ಹೊರಗೇ ಇರಲಿ. ಒಳಗಿನ ಒಲೆಯನ್ನೂ ಕಿಟಕಿ ತೆರೆದು ಅಡಿಗೆಗೆ ಮಾತ್ರ ಬಳಸಿ, ಕೋಣೆಯನ್ನು ಬೆಚ್ಚಗೆ ಮಾಡಿಕೊಳ್ಳುವುದಕ್ಕೆ ಬಳಸದಿರಿ. ವಾಹನದಲ್ಲಿರುವ ಎಚ್ಚರಿಕೆಯ ಯಂತ್ರ ಕೂಗುವುದೇ ಎಂದು ಹೊರಡುವ ದಿನವೇ ಗುಂಡಿಯೊತ್ತಿ ಪರೀಕ್ಷಿಸಿರಿ.

ಪ್ರೊಪೇನು ಗಾಳಿಗಿಂತ ಒಂದೂವರೆಪಾಲು ಭಾರವಾದ್ದರಿಂದ ಸೋರಿದರೆ ಮೇಲೇರಿ ಹೋಗದೆ ತಗ್ಗಿನಲ್ಲಿ ತಂಗುವುದು. ಜೋಡಿಸಿದಾಗಲೆಲ್ಲ ಸಂದುಗಳಿಗೆ ಸಾಬೂನಿನ ನೀರನ್ನು ಸವರಿ ಗುಳ್ಳೆ ಏಳುವುದೇ ಎಂದು ನೋಡಬೇಕು. ಬೆಂಕಿಕಡ್ಡಿ ಗೀರಿ ನೋಡುವುದು ಆತ್ಮಘಾತಕ್ಕೆ ಸಮಾನ. ವಾಹನದ ಗೋಡೆಯಿಂದಲೂ ಬಿಚ್ಚಿದ ನೆರಳಿನ ಬಟ್ಟೆಯಿಂದಲೂ ಹತ್ತು ಅಡಿ ದೂರದಲ್ಲಿ ಒಲೆಯನ್ನಿಟ್ಟು, ಹೊರಡುವಾಗ ಸಿಲಿಂಡರಿನ ಬಾಯಿಯನ್ನು ಬಿಗಿದು, ನೆಟ್ಟಗೆ ನಿಲ್ಲಿಸಿ ಕಟ್ಟಿರಬೇಕು.

ಬೆಲೆ, ಹೆಸರು, ಹೊಳಪು ಇವನ್ನು ಕೊನೆಗೆ ನೋಡಿದರಾಯಿತು. ಉಣ್ಣುವ ಪದಾರ್ಥಕ್ಕೆ ತಕ್ಕ ಒಲೆ, ಒಲೆಗೆ ತಕ್ಕ ಒತ್ತಡ, ಒತ್ತಡವನ್ನರಿತ ಕೈ, ಈ ಮೂರೂ ಕೂಡಿದ ಮನೆಯವರು ಎಷ್ಟು ದೂರ ಹೋದರೂ ಬಿಸಿಯೂಟ ಮಾಡಿ, ಎಲ್ಲರೂ ಕ್ಷೇಮವಾಗಿ ಹಿಂದಿರುಗುವರು.